ಹಲಗೆಯ ಮೇಲಿನ ಸೊನ್ನೆ

ಬಾದಾಮಿಯಲ್ಲಿ ನಾನು ಕೆಲಸ ಮಾಡುತ್ತಿದ್ದ ಹೆರಿಗೆ ದವಾಖಾನೆಯ ಬಾಗಿಲಲ್ಲಿ ಒಂದು ಕರಿಹಲಗೆ ಇತ್ತು. ತಿಂಗಳು ತಿಂಗಳು ಅದರ ಮೇಲೆ ಬರೆಯುವವಳು ನಾನೇ, ನರ್ಸ್ ಸಿದ್ದಲಿಂಗವ್ವ; ಮಂದಿಯ ಬಾಯಲ್ಲಿ 'ಬಾಯಾರು'. ಹೆರಿಗೆ ಇಷ್ಟು, ಸಾವು ಸೊನ್ನೆ. 1978ಕ್ಕೆ ಆ ಸೊನ್ನೆಗೆ ಎರಡು ವರ್ಷ ತುಂಬಿತ್ತು. ಮೇಲಿನ ಸಾಹೇಬರು ಬಂದು ಡಾಕ್ಟರಿಗೆ ಶಾಲು ಹೊದಿಸಿದರು. ನನಗೂ ಒಂದು ಹಾರ ಬಿತ್ತು. ನಾಚಿಕೆಗೇಡಿ ನಾನು, ಅದನ್ನು ಮನೆಗೆ ಒಯ್ದು ಗೋಡೆಗೆ ತೂಗುಹಾಕಿದ್ದೆ.

ಸೊನ್ನೆಯ ಗುಟ್ಟು ಇಷ್ಟೇ. ಹೆಂಗಸಿನ ನಾಡಿ ಇಳಿಯಿತೆಂದರೆ ಡಾಕ್ಟರು "ಬಾಗಲಕೋಟಿ ದೊಡ್ಡ ದವಾಖಾನಿಗೆ ಒಯ್ರಿ" ಅನ್ನುತ್ತಿದ್ದರು. ನಮ್ಮ ಹೊಸ್ತಿಲು ದಾಟಿದವಳು ಸತ್ತರೂ ನಮ್ಮ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಬನಶಂಕರಿಯ ಎಲೆತೋಟದಲ್ಲಿ ದುಡಿಯುವ ದುರಗಪ್ಪ ಒಂದು ಮುಂಜಾನೆ ಹೆಂಡತಿ ಇಂದ್ರವ್ವನನ್ನು ಚಕ್ಕಡಿಯಲ್ಲಿ ಕರೆತಂದ. ಗಂಡು ಕೂಸು ಹುಟ್ಟಿತು. ಆಮೇಲೆ ರಕ್ತ ನಿಲ್ಲಲೇ ಇಲ್ಲ.

"ಈಗ ಕಳಿಸೋಣ್ರಿ, ಸರ. ಹೊತ್ತಾದ್ರ ಕೆಲಸ ಕೆಡ್ತದ," ಎಂದು ಎರಡು ಸಲ ಹೇಳಿದೆ.

"ಭಾಳ ಮಂದೀನ್ನ ಕಳಿಸಿದ್ರೂ ಮ್ಯಾಲಿನವ್ರು ಕೇಳ್ತಾರ. ತಡೀರಿ," ಎಂದರು ಡಾಕ್ಟರು.

ಮಧ್ಯಾಹ್ನ ಅವಳ ತುಟಿ ಬಿಳಿಚಿಕೊಂಡ ಮೇಲೆ ಜೀಪು ಬಂತು. ಇಂದ್ರವ್ವ ನನ್ನ ಸೆರಗು ಹಿಡಿದು, "ಬಾಯಾರ, ನಾ ಇಲ್ಲೇ ಇರ್ತೇನ್ರಿ," ಎಂದಳು. ನಾನೇ ಅವಳ ಬೆರಳು ಬಿಡಿಸಿದೆ. ರಿಜಿಸ್ಟರಿನಲ್ಲಿ 'ಮುಂದಿನ ಉಪಚಾರಕ್ಕೆ ಕಳಿಸಿದೆ' ಎಂದು ಬರೆದು, ಕೈತೊಳೆದು, ಊಟಕ್ಕೆ ಕುಳಿತೆ.

ಐದನೆಯ ದಿನ ದುರಗಪ್ಪ ಕೂಸಿನ ಹುಟ್ಟಿದ ಚೀಟಿ ಕೇಳಿಕೊಂಡು ಬಂದ.

"ಇಂದ್ರವ್ವ ಹೆಂಗದಾಳೋ?"

"ದಾರ್ಯಾಗ, ಗುಳೇದಗುಡ್ಡ ದಾಟೂದ್ರಾಗ ಹೋದ್ಳ್ರಿ."

ಅವನು ಹಲಗೆಯನ್ನೇ ನೋಡುತ್ತಿದ್ದ.

"ನಮ್ಮವ್ವ ಸೂಲಗಿತ್ತಿ ಲಾಲಬಿನ್ನ ಕರಿ ಅಂದಿದ್ಲ್ರಿ. ನಾನ ಈ ಹಲಗಿ ಓದಿ, ಅಲ್ಲಿ ಯಾರೂ ಸಾಯಂಗಿಲ್ಲ ನಡಿ, ಅಂತ ಅಕಿನ್ನ ಕರಕೊಂಡ ಬಂದೆ. ಅಕಿನ್ನ ಎಲ್ಲಿ ಬರದೀರಿ, ಬಾಯಾರ?"

ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಅವನು ಕೇಳಿದ್ದು ಅಷ್ಟೇ.

ನನ್ನ ಮೇಲೆ ನನಗೇ ಹೇಸಿಗೆ ಬಂತು. ಸೊನ್ನೆಯನ್ನು ಅಂಗೈಯಿಂದ ಒರೆಸಿ ಸೀಮೆಸುಣ್ಣ ಎತ್ತಿಕೊಂಡೆ. ಒಳಗಿನಿಂದ ಡಾಕ್ಟರು, "ತಲಿ ಕೆಟ್ಟದೇನ್ರಿ ನಿಮ್ದು?" ಎಂದು ಕೂಗಿದರು. ಕೂಗಲಿ ಬಿಡು ಎಂದುಕೊಂಡೆ. 'ಒಂದು' ಎಂದು ಬರೆಯುವಷ್ಟರಲ್ಲಿ ರಂಗವ್ವ ನೆನಪಾದಳು. ಮಾದೇವಿ, ಶಾರವ್ವ, ಆಮೇಲೆ ಹೆಸರೂ ನೆನಪಿಲ್ಲದ ಇನ್ನೊಬ್ಬಳು. ಎಲ್ಲರೂ ಅದೇ ಜೀಪು ಹತ್ತಿದ್ದರು. ಬದುಕಿದರೋ ಸತ್ತರೋ ಎಂದು ಎರಡು ವರ್ಷದಲ್ಲಿ ಒಬ್ಬರ ಮನೆಗೂ ಹೋಗಿ ಕೇಳಿದವಳಲ್ಲ ನಾನು.

"ಬರೀರಿ, ಬಾಯಾರ," ಎಂದ ದುರಗಪ್ಪ.

"ಎಷ್ಟಂತ ಬರೀಲೋ, ತಮ್ಮಾ? ನನಗ ಗೊತ್ತಿಲ್ಲೋ," ಎನ್ನುತ್ತ ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ.