ಮೆಟ್ಟಿಲ ನಡುವೆ ಇಳಿಸಬಾರದು

ಅವನನ್ನು ಜೊತೆ ಕೆಲಸದವರೆಲ್ಲ ಬೀರು ಎಂದೇ ಕರೆಯುತ್ತಿದ್ದರು. ಕುಡಿಯುವ ಬೀರಲ್ಲ, ಬಟ್ಟೆ ಇಡುವ ಕಬ್ಬಿಣದ ಬೀರು. ಮನೆ ಬದಲಿಸುವವರ ಸಾಮಾನು ಸಾಗಿಸುವುದು ಅವನ ಕಸುಬು. ಲಿಫ್ಟ್ ಇಲ್ಲದ ಕಟ್ಟಡಗಳಲ್ಲಿ ಬೆನ್ನಿಗೆ ಪಟ್ಟಿ ಬಿಗಿದುಕೊಂಡು ಬೀರುವನ್ನು ಒಬ್ಬನೇ ಹತ್ತಿಸಿಬಿಡುತ್ತಿದ್ದ. ಆ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿನ ಮಾತಿದೆ: ಮೆಟ್ಟಿಲ ನಡುವೆ ಭಾರ ಇಳಿಸಬಾರದು. ಇಳಿಸಿದರೆ ಮೈ ತಣ್ಣಗಾಗುತ್ತದೆ, ಮತ್ತೆ ಎತ್ತಲಾಗುವುದಿಲ್ಲ. ನೋವಾದರೂ ಹಲ್ಲು ಕಚ್ಚಿ ಮೇಲಿನ ಬಾಗಿಲು ಮುಟ್ಟಬೇಕು. ಬೀರು ಈ ಮಾತನ್ನು ಮನೆಗೂ ತಂದ. ಕೆಟ್ಟದ್ದು ಅಲ್ಲೇ.

ಮಗಳು ವೇಗದ ಬೌಲರ್. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನಿಜ. ಆದರೆ ಈ ಹೆಗ್ಗಣ ಓಡಿಬಂದು ಚೆಂಡೆಸೆದರೆ ಬೇರೆ ಕ್ಲಬ್ಬಿನವರೂ ಬೇಲಿಗೆ ಒರಗಿ ನೋಡುತ್ತಿದ್ದರು. ತೆಳ್ಳಗಿದ್ದಳು, ಅದೊಂದೇ ಕೊರತೆ.

"ವೇಗ ಬರೋದು ತೋಳಿಂದಲ್ಲ, ಕಾಲು ಸೊಂಟದಿಂದ. ಮೈ ಗಟ್ಟಿ ಮಾಡ್ಕೋ," ಎಂದು ಕೋಚ್ ಮೇಡಂ ಬಸ್ಕಿ, ಪ್ಲ್ಯಾಂಕ್, ಸ್ಕಿಪ್ಪಿಂಗ್ ಹೇಳಿಕೊಟ್ಟರು. ನಡುನಡುವೆ ಬಿಡುವು ಕೊಡಬೇಕೆಂದೂ ಹೇಳಿದ್ದರು. ಬಿಡುವು ಎಂಬ ಮಾತು ಮಾತ್ರ ಬೀರುವಿನ ಕಿವಿಗೆ ಬೀಳಲೇ ಇಲ್ಲ.

ಬೆಳಿಗ್ಗೆ ಅಪ್ಪ ಮಗಳು ತಮ್ಮ ಕಟ್ಟಡದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಅವಳ ಎರಡೂ ಕೈಯಲ್ಲಿ ನೀರು ತುಂಬಿದ ಕ್ಯಾನು.

"ನಲ್ಲೀಲಿ ನೀರು ಬರ್ತಿದೆಯಲ್ಲಪ್ಪಾ, ಮಗು ಕೈಲಿ ಯಾಕೆ ಹೊರಿಸ್ತೀಯ?" ಎಂದು ಕೆಳಮನೆಯ ಅಜ್ಜಿ ಬಾಗಿಲಿಂದ ಕೇಳಿದರೆ ಇಬ್ಬರೂ ನಕ್ಕು ಮೇಲೆ ಓಡುತ್ತಿದ್ದರು. ಬೀರು ಅಷ್ಟು ಸುಖವಾಗಿ ಹಿಂದೆಂದೂ ಇರಲಿಲ್ಲ.

ಆಯ್ಕೆ ಪಂದ್ಯ ಹತ್ತಿರವಾದಾಗ ಅವಳು ಅಂದಳು, "ಅಪ್ಪಾ, ಸೊಂಟದ ಎಡಗಡೆ ಚುಚ್ತಿದೆ. ಚೆಂಡು ಬಿಡೋವಾಗ ಕಾಲೂರಿದ್ರೆ ಜಾಸ್ತಿ."

"ಮೈ ಗಟ್ಟಿ ಆಗ್ತಿದೆ ಅಂತ ಅರ್ಥ ಪುಟ್ಟಿ. ನಂಗೂ ಮೊದಮೊದಲು ಹೀಗೇ ಆಗ್ತಿತ್ತು. ಈಗ ನಿಲ್ಲಿಸಿದ್ಯೋ, ಕೆಟ್ಟೆ."

"ಮೇಡಂಗೆ ಹೇಳ್ಲಾ?"

"ಹೇಳಿದ್ರೆ ಕೂರಿಸಿಬಿಡ್ತಾರೆ. ಆಯ್ಕೆ ಮುಗೀಲಿ ತಡಿ."

ಅವಳು ಹೇಳಲಿಲ್ಲ. ಅಪ್ಪ ಅಂದಮೇಲೆ ಮುಗಿಯಿತು, ಅಷ್ಟು ನಂಬಿಕೆ. ಸಂಜೆ ಅವನೇ ಎಣ್ಣೆ ಬಿಸಿ ಮಾಡಿ ಆ ಜಾಗವನ್ನೇ ಒತ್ತಿ ಒತ್ತಿ ತಿಕ್ಕುತ್ತಿದ್ದ. ಅವಳು ದಿಂಬು ಕಚ್ಚಿ ಮಲಗಿರುತ್ತಿದ್ದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನಿಗೆ ನಾಲ್ಕನೆಯದು ತೋರಿಸುವವರು ಯಾರು?

ಆಯ್ಕೆಯ ದಿನ ಅವಳು ಓಡಿಬಂದಳು, ನೆಗೆದಳು, ಕಾಲೂರಿದಳು. ಸ್ಟಂಪು ಹಾರಿತು. ಬೀರು ಬೇಲಿಯಾಚೆ ನಿಂತು ಶಿಳ್ಳೆ ಹೊಡೆದ. ಶಿಳ್ಳೆ ಮುಗಿಯುವಷ್ಟರಲ್ಲಿ ಅವಳು ಮಂಡಿಯೂರಿ ಕುಸಿದಿದ್ದಳು. ಏಳಲು ಆಗಲಿಲ್ಲ.

ಮೂಳೆ ಡಾಕ್ಟರು ಸೊಂಟದ ಎಕ್ಸ್-ರೇ ಚಿತ್ರವನ್ನು ಬೆಳಕಿಗೆ ಹಿಡಿದರು. "ನೋವು ಯಾವಾಗಿಂದ?"

"ಇವತ್ತೇ ಸಾರ್," ಎಂದಳು ಮಗಳು.

"ಇದು ಬೆನ್ನುಮೂಳೆಯ ಹಳೇ ಬಿರುಕಮ್ಮ. ಆಗಲೇ ಬಂದಿದ್ರೆ ಬರೀ ವಿಶ್ರಾಂತೀಲೇ ಕೂಡ್ಕೋತಿತ್ತು. ಈಗ ಮೂಳೆ ಎರಡೂ ಕಡೆ ಬಿರುಕು ಬಿಟ್ಟಿದೆ."

"ಇಲ್ಲ ಸಾರ್, ಇವತ್ತೇ ಶುರುವಾಗಿದ್ದು."

ಮಗಳು ಅಪ್ಪನ ಮಾನ ಉಳಿಸಲು ಸುಳ್ಳು ಹೇಳುತ್ತಿದ್ದಾಳೆಂದು ಬೀರುವಿಗೆ ಗೊತ್ತಾಯಿತು. "ತುಂಬಾ ದಿನದಿಂದ ಇತ್ತು ಸಾರ್. ನಿಲ್ಲಿಸಬೇಡ ಅಂದೋನು ನಾನೇ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ನಡೆಯಬಹುದು, ಓದಬಹುದು, ಕೆಲಸಕ್ಕೆ ಹೋಗಬಹುದು, ವೇಗದ ಬೌಲಿಂಗ್ ಮಾತ್ರ ಇನ್ನು ಬೇಡ ಎಂದರು.

"ಸ್ಪಿನ್ ಹಾಕಬಹುದಲ್ವಾ ಸಾರ್?" ಎಂದು ಬೀರು ಕೇಳಿದ.

"ವರ್ಷ ಕಳೀಲಿ, ನೋಡೋಣ."

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. "ಕೇಳಿದ್ಯಾ ಪುಟ್ಟಿ? ನಾಲ್ಕು ಹೆಜ್ಜೆ ನಡೆದು ಬಂದು ಹಾಕಿದ್ರೆ ಸಾಕು. ವಿಕೆಟ್ಟು ಅದರಲ್ಲೂ ಬೀಳ್ತವೆ."

ಮಗಳು ಅವನತ್ತ ತಿರುಗಿದಳು. ಮುಖದಲ್ಲಿ ಕೋಪವಿರಲಿಲ್ಲ, ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

"ವಿಕೆಟ್ಟು ನಿಂಗಿಷ್ಟ ಅಪ್ಪಾ," ಎಂದಳು. "ನಂಗೆ ಆ ಓಡಿ ಬರೋದಿತ್ತಲ್ಲ, ಅದೇ ಇಷ್ಟ ಆಗ್ತಿದ್ದಿದ್ದು."

ಇಷ್ಟು ವರ್ಷ ಬೇಲಿಯಾಚೆ ನಿಂತು ಬೀರು ನೋಡುತ್ತಿದ್ದುದು ಸ್ಟಂಪುಗಳನ್ನು. ಓಡಿ ಬರುವ ಮಗಳ ಮುಖ ಹೇಗಿರುತ್ತಿತ್ತೆಂದು ನೆನಪಿಸಿಕೊಳ್ಳಲು ಹೋದ. ಒಂದು ಸಲವೂ ನೋಡಿರಲಿಲ್ಲ.