ಕಾವಲಮ್ಮನ ಕಿತಾಪತಿ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಕಾವಲಮ್ಮ ಎಂದೇ ಕರೆಯುತ್ತಿದ್ದರು. ಕಂಪನಿಯ ಸಾಫ್ಟ್‌ವೇರನ್ನು ಯಾರೂ ಬಿಚ್ಚಿ ನೋಡದಂತೆ, ತಿದ್ದದಂತೆ ಕಾಯುವುದು ಅವಳ ಕೆಲಸ. ಬೀಗ ಜಡಿದು ಸುಮ್ಮನಾಗುವ ಪೈಕಿಯಲ್ಲ ಅವಳು. ಯಾರಾದರೂ ಒಂದು ಫೈಲ್ ತಿದ್ದಿದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತಿರಲಿಲ್ಲ. ಅವಳು ಒಳಗೆ ಹೂಡಿಟ್ಟ ಬಲೆಯಿಂದಾಗಿ ಕೆಲವು ದಿನ ಬಿಟ್ಟು, ಅಲ್ಲೊಂದು ಇಲ್ಲೊಂದು ತಪ್ಪು ಮಾಡತೊಡಗುತ್ತಿತ್ತು. ಎಲ್ಲಿ ಸಿಕ್ಕಿಬಿದ್ದೆನೆಂದು ಕಳ್ಳನಿಗೆ ತಿಳಿಯಲೇಬಾರದು. ಹೀಗೆ ಚಳ್ಳೆಹಣ್ಣು ತಿನ್ನಿಸುವುದರಲ್ಲಿ ಅವಳಿಗೆ ಎಲ್ಲಿಲ್ಲದ ಖುಷಿ.

ಆ ಸಾಫ್ಟ್‌ವೇರ್ ಮಾತು ಬಾರದ ಮಕ್ಕಳಿಗಾಗಿ ಮಾಡಿದ್ದು. ಟ್ಯಾಬ್ಲೆಟ್ಟಿನ ಮೇಲಿನ ಚಿತ್ರ ಒತ್ತಿದರೆ ಅದು ಆ ಪದವನ್ನು ಹೇಳುತ್ತದೆ.

ಒಂದು ಮಧ್ಯಾಹ್ನ ರಿಪೇರಿ ಕೌಂಟರಿಗೆ ಒಬ್ಬ ಅಪ್ಪ ಪುಟ್ಟ ಮಗಳ ಕೈ ಹಿಡಿದು ಬಂದ. ಕೌಂಟರಿನವರಿಗೆ ದೋಷ ಸಿಗದೆ ಕಾವಲಮ್ಮನನ್ನು ಕರೆಸಿದರು.

“‘ನೀರು’ ಒತ್ತಿದ್ರೆ ‘ನಿದ್ದೆ’ ಅನ್ನುತ್ತೆ ಮೇಡಂ. ‘ಅಮ್ಮ’ ಒತ್ತಿದ್ರೆ ‘ಚಪ್ಪಲಿ’. ಮೊದಮೊದಲು ನಾವೂ ನಗ್ತಿದ್ವಿ. ಇವಳು ತಾನೇ ತಪ್ಪು ಒತ್ತುತಾ ಇದೀನಿ ಅಂದ್ಕೊಂಡು ಈಗ ಮುಟ್ಟೋದನ್ನೇ ಬಿಟ್ಟಿದಾಳೆ. ಇದ್ದ ಒಂದು ಬಾಯೂ ಹೋಯ್ತು.”

“ಇದರಲ್ಲಿ ನೀವೇನಾದ್ರೂ ಬದಲಾಯಿಸಿದ್ರಾ?”

ಅಪ್ಪ ತಲೆ ಕೆರೆದುಕೊಂಡ. “ಇದ್ದದ್ದು ಗಂಡಸಿನ ದನಿ. ಇವಳಿಗೆ ಹಿಡಿಸ್ಲಿಲ್ಲ. ಇವಳ ಅಕ್ಕನ ದನಿ ರೆಕಾರ್ಡ್ ಮಾಡಿ ಹಾಕ್ದೆ. ತಪ್ಪಾಯ್ತಾ?”

ಕಾವಲಮ್ಮನ ಬಲೆಗೆ ಬಿದ್ದ ಮಹಾಕಳ್ಳ ಇವನೇ! ಶಿಕ್ಷೆಯಾದದ್ದು ಮಾತ್ರ ಈ ಕೂಸಿಗೆ. ತನ್ನ ಜಾಣತನದ ಮೇಲೆ ಅವಳಿಗೇ ಹೇಸಿಗೆಯಾಯಿತು.

ಮೇಲಿನವರನ್ನು ಕೇಳುತ್ತಾ ಕೂತರೆ ಆಗುವ ಮಾತಲ್ಲ. ಒಳಗೆ ಹೋಗಿ ಆ ಟ್ಯಾಬ್ಲೆಟ್ಟಿನಿಂದ ಕಾವಲನ್ನು ಕಿತ್ತುಹಾಕಿದಳು. ಅಕ್ಕನ ದನಿಯನ್ನು ಹಾಗೇ ಉಳಿಸಿದಳು. ತಂದು ಮುಂದಿಟ್ಟರೆ ಹುಡುಗಿ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಅಪ್ಪ ಪುಸಲಾಯಿಸಿದ. ಜಪ್ಪಯ್ಯ ಎಂದರೂ ಕೈ ಮುಂದೆ ಬರಲಿಲ್ಲ.

ಕಾವಲಮ್ಮ ನೆಲಕ್ಕೆ ಮಂಡಿಯೂರಿದಳು. “ಪುಟ್ಟಾ, ನೀನು ಸರಿಯಾಗೇ ಒತ್ತಿದ್ದೆ. ಅದು ತಪ್ಪು ಹೇಳೋ ಹಾಗೆ ಮಾಡಿದ್ದು ನಾನು. ಬೇಕಂತಲೇ ಮಾಡಿದ್ದೆ. ಕಳ್ಳರಿಗೆ ಅಂತ ಇಟ್ಟಿದ್ದು, ನಿನಗೆ ತಗುಲ್ತು.”

ಹುಡುಗಿ ಅವಳನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಒಂದು ಕೈ ಮುಂದೆ ಬಂತು. ಚಿತ್ರಗಳ ಮೇಲೆ ಹುಡುಕಾಡಿ ಒಂದನ್ನು ಒತ್ತಿತು.

“ಸಿಟ್ಟು,” ಎಂದಿತು ಅಕ್ಕನ ದನಿ.

“ಏಯ್, ದೊಡ್ಡವರಿಗೆ ಹಾಗನ್ನಬಾರ್ದು!” ಅಪ್ಪ ಗಾಬರಿಯಾದ.

“ಅನ್ನಲಿ ಬಿಡಿ,” ಎಂದಳು ಕಾವಲಮ್ಮ.

ಹುಡುಗಿ ಮತ್ತೆ ಒತ್ತಿದಳು, ಮತ್ತೂ ಒತ್ತಿದಳು. ಒತ್ತಿದಾಗಲೆಲ್ಲ ಅದು ಸಿಟ್ಟು ಎಂದೇ ಹೇಳಿತು. ಕಾವಲಮ್ಮ ಮಂಡಿಯೂರಿದಲ್ಲೇ ಇದ್ದು ಅಷ್ಟನ್ನೂ ಕೇಳಿಸಿಕೊಂಡಳು.