ಹೆಸರಿಡದ ಕೂಸಿನ ಕಿವಿ

ಗಂಟೆ, ಗುಡಿಯದಲ್ಲ, ಕುರಿ ಕೊರಳಿನದು, ಕೆಳಗಿನ ಕೊರಕಲಿನಿಂದ ಬರುತ್ತಿದೆ, ಸ್ವಲ್ಪ ಒಡಕು ದನಿ, ವಾರ್ಡಿಸನ ಮಂದೆಯೇ ಇರಬೇಕು — ಎರೋಫಿಲಿ ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು, ಈ ಹಾಳು ಏರು ಮುಗಿಯುವುದೇ ಇಲ್ಲ, ಮುಂದೆ ಗಂಡ ಮನೂಸೋಸ್ ಇಸ್ತ್ರಿ ಮಾಡಿದ ಕರಿ ಅಂಗಿ ತೊಟ್ಟು ಮದುವಣಿಗನ ಹಾಗೆ ನಡೆಯುತ್ತಿದ್ದಾನೆ, ಒಮ್ಮೆ ಹಿಂದಿರುಗಿ ನೋಡಿದ್ದರೆ ಹೇಳಿಬಿಡುತ್ತಿದ್ದಳೇನೋ, ಬೇಡ ಮನೂಸೋಸ್, ಆಣೆ ಇಡ್ಬೇಡ, ತಪ್ಪಾಯ್ತು ಅಂದ್ಬಿಡು, ಆದರೆ ಕ್ರೀಟ್ ದ್ವೀಪದ ಬೆಟ್ಟದ ಗಂಡಸು ಕುರಿ ಕದ್ದೆ ಅಂತ ಎದೆ ತಟ್ಟಿಕೊಂಡಾನು, ತಪ್ಪಾಯ್ತು ಅನ್ನಲಾರ, ಆ ಮಾತಿಗೆ ಅವನ ಬಾಯಿಗೆ ಬೀಗ. ನಿನ್ನೆ ವಾರ್ಡಿಸ್ ಅಂಗಳದಲ್ಲಿ ನಿಂತಿದ್ದ, ಕುರ್ಚಿ ಹಾಕಿದರೂ ಕೂರಲಿಲ್ಲ, ನನ್ನ ಕುರಿ ಹೋಗಿದೆ ಕಣಪ್ಪಾ, ನೀನೇ ಅಂತ ನಾನನ್ನಲ್ಲ, ಊರು ಅನ್ನುತ್ತೆ, ಮೇಲಿನ ಗುಡೀಲಿ ಸಂತ ಯೋರ್ಗಿಸ್ ಪಟ ಮುಟ್ಟಿ ಇಲ್ಲ ಅನ್ನು, ಅಲ್ಲಿಗೆ ಮುಗೀತು, ದೇವರ ಮುಂದೆ ಎರಡನೇ ಅಪ್ಪನಾಗಿ ನಿನ್ನ ಮಗೂನ ಎತ್ಕೊಂಡು ಹೆಸರಿಡೋನು ನಾನೇ. ಅತ್ತೆ ಒಲೆಯ ಮುಂದಿನಿಂದಲೇ ಗೊಣಗಿದರು, ಸುಳ್ಳಾಣೆ ಇಟ್ಟೋನಿಗೆ ಏನೂ ಆಗಲ್ಲ ಕಣೇ, ಅವನು ಹುಟ್ಟಿಸಿದ ಕೂಸಿಗೆ ಆಗೋದು.

ನಮ್ಮದೇ ಕುರಿ, ಕೊರಕಲಿಗೆ ಬಿತ್ತು, ತಿನ್ನು, ಬಾಣಂತಿ ನೀನು, ಅಂದಿದ್ದ ಮನೂಸೋಸ್ ಹೋದ ವಾರ, ತಿಂದಳು, ಎಲುಬು ಚೀಪಿ ತಿಂದಳು, ಎದೆ ತುಂಬಿ ಹಾಲು ಬಂತು, ಕೂಸು ಕುಡಿದು ಕುಡಿದು ನಿದ್ದೆ ಹೋಯಿತು, ಮಾರನೆಯ ಬೆಳಿಗ್ಗೆ ನಾಯಿ ಹಿತ್ತಲು ಕೆದರಿ ಅದನ್ನು ಕಚ್ಚಿಕೊಂಡು ಬಂತು — ಕಿವಿ, ಮುಂದೊಂದು ಸೀಳು, ನಡುವೆ ಒಂದು ತೂತು, ವಾರ್ಡಿಸನ ಮನೆತನದವರು ತಮ್ಮ ಕುರಿ ಕಿವಿಗೆ ಹಾಕುವ ಗುರುತು, ಊರಿನ ಕೂಸಿಗೂ ಗೊತ್ತು. ರೊಟ್ಟಿ ಬೇಯುತ್ತಿದ್ದ ಒಲೆಗೆ ಎಸೆದಳು, ಸುಟ್ಟ ಕೂದಲ ವಾಸನೆ, ಅತ್ತೆ ಮೂಗೆಳೆದರು, ಒಲೆಗೆ ಇನ್ನೊಂದು ಸೌದೆ ತುರುಕಿದರು.

ಗುಡಿಯೊಳಗೆ ತಣ್ಣಗಿದೆ, ಮೇಣದ ವಾಸನೆ, ಮನೂಸೋಸನ ಕೈ ಪಟದ ಮೇಲೆ, ಪಾಪಿಯ ಕೈ, ಕದ್ದಿಲ್ಲ, ತಿಂದಿಲ್ಲ, ಯಾರು ಅಂತ ಗೊತ್ತಿಲ್ಲ, ಸುಳ್ಳಾದರೆ ನನ್ನ ಮಗು — ಅವಳಿಗೆ ಮುಂದಿನದು ಕೇಳಿಸಲಿಲ್ಲ, ಕೇಳಿಸಬಾರದೆಂದೇ ಕೇಳಿಸಲಿಲ್ಲ, ತಾನೂ ತಿಂದಿದ್ದಾಳೆ, ಕೂಸೂ ಕುಡಿದಿದೆ. ವಾರ್ಡಿಸನ ಕಣ್ಣಲ್ಲಿ ನೀರು, ಸಾಕು ಬಿಡಪ್ಪಾ, ನಂಬಿದೆ, ಎಂದು ಮನೂಸೋಸನನ್ನು ತಬ್ಬಿ ಇತ್ತ ತಿರುಗಿದ, ಒರಟು ಕೈಗಳನ್ನು ಚಾಚಿದ, ಕೊಡು ತಂಗಿ ಇಲ್ಲಿ, ಇವತ್ತಿಂದ ನನ್ನ ಮಗನೂ ಹೌದಲ್ವಾ. ಅವಳ ತೋಳು ಸಡಿಲಲಿಲ್ಲ. ಕೊಡೇ, ಎಂದ ಮನೂಸೋಸ್ ಹಲ್ಲು ಕಚ್ಚಿ. ಕುಲಾವಿ ಜಾರಿದೆ, ಅವಳ ಅಂಗೈ ಕೂಸಿನ ಕಿವಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡಿದೆ, ಯಾಕೆ ತಂಗೀ, ಚಳೀನಾ, ವಾರ್ಡಿಸನ ನಗು ನಿಧಾನ ಆರುತ್ತಿದೆ, ಅವನು ಆ ಕೈಯನ್ನೇ ನೋಡುತ್ತಿದ್ದಾನೆ, ತೆಗೆಯಬೇಕು, ಕೈ ತೆಗೆದರೆ ಸಾಕು, ತೆಗೆದರೆ ಕಾಣುತ್ತದೆ, ಅಂಗೈಯ ಕೆಳಗೆ ಬೆಚ್ಚಗೆ, ಮುಂದೊಂದು ಸೀಳು, ನಡುವೆ ಒಂದು ತೂತು.